ಪಿಎಚ್ ಏರಿದಂತೆ ನೀರಿನಲ್ಲಿ ಸತು ಯಾವ ರೂಪದಲ್ಲಿರುತ್ತದೆ? ಲೆಕ್ಕ ಹಾಕುವ ಬಗೆ

"ಪಿಎಚ್ 9ಕ್ಕೆ ತಂದಾಗ ಸತು ಇಳಿಯಿತು. ಇನ್ನೂ ಇಳಿಯಲಿ ಅಂತ 12ಕ್ಕೆ ಏರಿಸಿದರೆ ಮತ್ತೆ ಜಾಸ್ತಿಯಾಯಿತು. ಯಾಕೆ?" ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಜಿಂಕ್ ಪ್ಲೇಟಿಂಗ್ (ಸತುವಿನ ಲೇಪನ) ಘಟಕಗಳ ಇಟಿಪಿಯನ್ನು, ಅಂದರೆ ತ್ಯಾಜ್ಯನೀರಿನ ಶುದ್ಧೀಕರಣ ಘಟಕವನ್ನು, ನೋಡಿಕೊಳ್ಳುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಎಂ.ಎಸ್ಸಿ. ಓದುವವರು ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತಾರೆ: "ಪುಸ್ತಕದಲ್ಲಿ ಪಿಎಚ್‌ಗೆ ಎದುರಾಗಿ ಐದು ಬಾಗುಗೆರೆಗಳ ನಕ್ಷೆ ಇದೆಯಲ್ಲ, ಅದನ್ನು ನಾವೇ ಹಾಕುವುದು ಹೇಗೆ?" ಎರಡಕ್ಕೂ ಒಂದೇ ಲೆಕ್ಕ ಸಾಕು. ಘಾತಾಂಕ, ಲಾಗರಿದಮ್ ಗೊತ್ತಿದ್ದರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಉದಾಹರಣೆಗೆ ಸತುವನ್ನೇ ಹಿಡಿಯೋಣ. ಅದರ ಸ್ಥಿರಾಂಕಗಳು (ಹೈಡ್ರಾಕ್ಸೈಡ್ ಅದಕ್ಕೆ ಎಷ್ಟು ಬಲವಾಗಿ ಅಂಟುತ್ತದೆ ಎಂದು ಹೇಳುವ ಸಂಖ್ಯೆಗಳು) ಚೆನ್ನಾಗಿ ಅಳೆಯಲ್ಪಟ್ಟಿವೆ, ಜೊತೆಗೆ ಆಮ್ಲ ಮತ್ತು ಕ್ಷಾರ ಎರಡರಲ್ಲೂ ಕರಗುವ ಲೋಹ ಅದು. ಇದನ್ನು ಕಲಿತರೆ ತಾಮ್ರ, ನಿಕ್ಕಲ್, ಸೀಸಕ್ಕೆ ಸಂಖ್ಯೆ ಬದಲಿಸುವುದಷ್ಟೇ ಉಳಿಯುತ್ತದೆ.

ಕೈಯಲ್ಲಿ ಏನಿರಬೇಕು

ಒಂದು ಸ್ಪ್ರೆಡ್‌ಶೀಟ್ ಇರಬೇಕು, ಎಕ್ಸೆಲ್ ಅಥವಾ ಲಿಬ್ರೆ ಆಫೀಸ್ ಯಾವುದಾದರೂ ಆಗುತ್ತದೆ. ಸ್ಥಿರಾಂಕಗಳ ಒಂದು ಪಟ್ಟಿ ಬೇಕು. ಅದು ಒಂದೇ ಮೂಲದ್ದಾಗಿರಲಿ. ಒಂದು ಸಂಖ್ಯೆ ಈ ಪುಸ್ತಕದಿಂದ, ಇನ್ನೊಂದು ಆ ಜಾಲತಾಣದಿಂದ ಎಂದು ಹೆಕ್ಕಿದರೆ ಗೆರೆಗಳು ತಪ್ಪು ಜಾಗದಲ್ಲಿ ಕತ್ತರಿಸುತ್ತವೆ, ಮತ್ತು ಆ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ನಿಮ್ಮ ನೀರಿನ ಬಗ್ಗೆ ಮೂರು ವಿಷಯ ತಿಳಿದಿರಬೇಕು: ಒಟ್ಟು ಸತು ಎಷ್ಟು, ಉಪ್ಪಿನಂಶ ಎಷ್ಟು, ಮತ್ತು ಅಮೋನಿಯಾ, ಸಯನೈಡ್, ಇಡಿಟಿಎಯಂತಹ ಲೋಹಕ್ಕೆ ಅಂಟುವ ವಸ್ತು ಏನಾದರೂ ಸೇರಿದೆಯೇ. ಮೂರನೆಯದನ್ನು ಕೇಳದೆ ಲೆಕ್ಕಕ್ಕೆ ಕೂತವರೇ ಹೆಚ್ಚು, ಅದರ ಪರಿಣಾಮವನ್ನು ಹಂತ 7ರಲ್ಲಿ ನೋಡುವಿರಿ.

ಹಂತ 1: ರೂಪಗಳನ್ನು ಪಟ್ಟಿ ಮಾಡಿ

ನೀರಿನಲ್ಲಿ ಕರಗಿದ ಸತು ಒಂದೇ ರೂಪದಲ್ಲಿ ಇರುವುದಿಲ್ಲ. ಪಿಎಚ್ ಏರಿದಂತೆ ಹೈಡ್ರಾಕ್ಸೈಡ್ ಗುಂಪುಗಳು ಒಂದೊಂದಾಗಿ ಅದಕ್ಕೆ ಅಂಟಿಕೊಳ್ಳುತ್ತವೆ. ಎಷ್ಟು ಅಂಟಿವೆಯೋ ಅದನ್ನೇ ಹೆಸರಾಗಿ ಇಟ್ಟುಕೊಳ್ಳೋಣ.

ರೂಪ 0: ಬರಿಯ ಸತು ಅಯಾನು, ಆವೇಶ 2+
ರೂಪ 1: ಒಂದು ಹೈಡ್ರಾಕ್ಸೈಡ್ ಅಂಟಿದ್ದು, ಆವೇಶ 1+
ರೂಪ 2: ಎರಡು ಅಂಟಿದ್ದು, ಆವೇಶ 0
ರೂಪ 3: ಮೂರು ಅಂಟಿದ್ದು, ಆವೇಶ 1−
ರೂಪ 4: ನಾಲ್ಕು ಅಂಟಿದ್ದು, ಆವೇಶ 2−

ರೂಪ 2 ಎಂದರೆ ತಳಕ್ಕಿಳಿಯುವ ಬಿಳಿ ಕೆಸರು, ಅಂದರೆ ಸ್ಲಡ್ಜ್, ಅಲ್ಲ. ಎರಡರ ಸೂತ್ರವೂ ಸತು ಹೈಡ್ರಾಕ್ಸೈಡೇ, ಆದರೆ ರೂಪ 2 ನೀರಿನಲ್ಲಿ ಕರಗಿ ಕಾಣದಂತಿರುವ ಅಣು. ಫಿಲ್ಟರ್ ಅದನ್ನು ಹಿಡಿಯುವುದಿಲ್ಲ. ಇವೆರಡನ್ನು ಒಂದೇ ಎಂದುಕೊಂಡರೆ ಮುಂದಿನ ಲೆಕ್ಕವೆಲ್ಲ ಅಡಿಮೇಲಾಗುತ್ತದೆ.

ಹಂತ 2: ಸ್ಥಿರಾಂಕಗಳನ್ನು ಒಂದೇ ಭಾಷೆಗೆ ತನ್ನಿ

ಅತಿ ಹೆಚ್ಚು ತಪ್ಪುಗಳು ಆಗುವುದು ಈ ಹಂತದಲ್ಲಿ, ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ.

ಒಂದೇ ರಾಸಾಯನಿಕ ಸತ್ಯವನ್ನು ಪುಸ್ತಕಗಳು ಮೂರು ಬಗೆಯಲ್ಲಿ ಬರೆಯುತ್ತವೆ. ಮೊದಲ ಬಗೆಯಲ್ಲಿ ಸತು ಅಯಾನು ನೀರಿನ ಅಣುವಿನ ಜೊತೆ ವರ್ತಿಸಿ ಹೈಡ್ರಾಕ್ಸೈಡನ್ನು ಇಟ್ಟುಕೊಂಡು ಹೈಡ್ರೋಜನ್ ಅಯಾನನ್ನು ಬಿಡುತ್ತದೆ. ಇದನ್ನು ಜಲವಿಭಜನೆಯ ಸ್ಥಿರಾಂಕ ಎನ್ನೋಣ, ಇದರ ಲಾಗ್ ಬೆಲೆ ಋಣ ಸಂಖ್ಯೆ. ಎರಡನೇ ಬಗೆಯಲ್ಲಿ ಸತು ಅಯಾನು ನೇರವಾಗಿ ಹೈಡ್ರಾಕ್ಸೈಡ್ ಅಯಾನಿನ ಜೊತೆ ಕೂಡುತ್ತದೆ, ಲಾಗ್ ಬೆಲೆ ಧನ ಸಂಖ್ಯೆ. ಮೂರನೆಯದು ಹಂತದ ಸ್ಥಿರಾಂಕ. ಅದು ರೂಪ 1ರಿಂದ 2ಕ್ಕೆ, 2ರಿಂದ 3ಕ್ಕೆ ಹೀಗೆ ಒಂದೊಂದು ಮೆಟ್ಟಿಲಿಗೂ ಬೇರೆ ಬೇರೆ ಕೊಟ್ಟದ್ದು.

ನಮಗೆ ಬೇಕಿರುವುದು ಮೊದಲ ಬಗೆ, ಅದೂ ಸಂಚಿತವಾದದ್ದು. ಅಂದರೆ ಪ್ರತಿ ರೂಪವನ್ನೂ ರೂಪ 0ರಿಂದಲೇ ನೇರವಾಗಿ ಕಟ್ಟಿದ ಬೆಲೆ. ಪಿಎಚ್ ಮೀಟರ್ ತೋರಿಸುವುದು ಹೈಡ್ರೋಜನ್ ಅಯಾನಿನ ಲೆಕ್ಕವನ್ನಾದ್ದರಿಂದ ಅದನ್ನು ನೇರವಾಗಿ ಇದರೊಳಗೆ ಇಡಬಹುದು.

ಎರಡನೇ ಬಗೆಯಿಂದ ಮೊದಲನೆಯದಕ್ಕೆ ಬರುವುದು ಸುಲಭ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರತಿ ಹೈಡ್ರಾಕ್ಸೈಡಿಗೂ 14.0 ಕಳೆಯಿರಿ. ಸತುವಿಗೆ ಎರಡನೇ ಬಗೆಯ ಲಾಗ್ ಬೆಲೆಗಳು 5.0, 10.2, 13.9, 15.5. ಕಳೆದರೆ:

ರೂಪ 1: 5.0 − 14 = −9.0
ರೂಪ 2: 10.2 − 28 = −17.8
ರೂಪ 3: 13.9 − 42 = −28.1
ರೂಪ 4: 15.5 − 56 = −40.5

ಮುಂದಿನ ಎಲ್ಲ ಲೆಕ್ಕಕ್ಕೂ ಇವೇ ನಾಲ್ಕು ಸಂಖ್ಯೆ. ಇವು 25 ಡಿಗ್ರಿಗೆ, ಉಪ್ಪೇ ಇಲ್ಲದಷ್ಟು ತಿಳಿಯಾದ ನೀರಿಗೆ ಹೊಂದುವ ಬೆಲೆಗಳು. ಬೇರೆ ಪಟ್ಟಿಗಳಲ್ಲಿ ರೂಪ 2ಕ್ಕೆ −16.9 ಎಂದೂ ಕಾಣುವಿರಿ. ಅದು ಮುದ್ರಣ ದೋಷವಲ್ಲ, ಬೇರೆ ಅಳತೆ. ಆ ಪಟ್ಟಿಯನ್ನು ಬಳಸುವುದಾದರೆ ಅದರ ನಾಲ್ಕೂ ಸಂಖ್ಯೆಗಳನ್ನು ಬಳಸಿ.

ಬೇಸಿಗೆಯ ನೀರಿನ ಬಗ್ಗೆ ಒಂದು ಮಾತು. 35 ಡಿಗ್ರಿಯಲ್ಲಿ ಕಳೆಯಬೇಕಾದ ಸಂಖ್ಯೆ 14.0 ಅಲ್ಲ, 13.68. ನಾಲ್ಕು ಹೈಡ್ರಾಕ್ಸೈಡಿಗೆ ಇದೊಂದರಿಂದಲೇ 1.28 ಲಾಗ್ ವ್ಯತ್ಯಾಸ ಬರುತ್ತದೆ. ಸ್ಥಿರಾಂಕವೂ ಉಷ್ಣತೆಯೊಂದಿಗೆ ಬದಲಾಗುವುದರಿಂದ, ಬಿಸಿ ನೀರಿಗೆ ಕೈಲೆಕ್ಕವನ್ನು ಹಿಗ್ಗಿಸದೆ ಉಷ್ಣತೆಯ ತಿದ್ದುಪಡಿ ಇರುವ ತಂತ್ರಾಂಶಕ್ಕೆ ಹೋಗುವುದು ಒಳ್ಳೆಯದು.

ಹಂತ 3: ಒಂದು ಪಿಎಚ್‌ಗೆ ಕೈಯಲ್ಲೇ ಮಾಡಿ ನೋಡಿ

ಪ್ರತಿ ರೂಪಕ್ಕೂ ಒಂದು ಪದ ಬರೆಯಬೇಕು. ರೂಪ 0ರ ಪದ ಯಾವಾಗಲೂ 1. ಉಳಿದವುಗಳ ಪದ ಹೀಗೆ:

ಪದ = 10^(ಹೈಡ್ರಾಕ್ಸೈಡ್ ಸಂಖ್ಯೆ × ಪಿಎಚ್ + ಸ್ಥಿರಾಂಕದ ಲಾಗ್)

ರೂಪ 0ರ ಒಂದು ಪಾಲಿಗೆ ಈ ರೂಪ ಎಷ್ಟು ಪಾಲು ಇದೆ ಎಂಬುದನ್ನು ಪದ ಹೇಳುತ್ತದೆ. ಐದೂ ಪದಗಳನ್ನು ಕೂಡಿದರೆ ಬರುವುದನ್ನು ಮೊತ್ತ ಎಂದು ಕರೆಯೋಣ. ಯಾವುದೇ ರೂಪದ ಪಾಲು ಬೇಕಿದ್ದರೆ ಅದರ ಪದವನ್ನು ಮೊತ್ತದಿಂದ ಭಾಗಿಸಿದರಾಯಿತು.

ಪಿಎಚ್ 9ಕ್ಕೆ:

ರೂಪ 0: 1
ರೂಪ 1: 10^(9 − 9.0) = 1
ರೂಪ 2: 10^(18 − 17.8) = 10^0.2 = 1.585
ರೂಪ 3: 10^(27 − 28.1) = 10^−1.1 = 0.079
ರೂಪ 4: 10^(36 − 40.5) = 10^−4.5 = 0.00003

ಮೊತ್ತ 3.664. ರೂಪ 0ರ ಪಾಲು 1 ÷ 3.664 = 27.3%, ರೂಪ 1ರದೂ ಅಷ್ಟೇ, ರೂಪ 2ರದು 43.3%, ರೂಪ 3ರದು 2.2%.

ಗಮನಿಸಿ, ಒಟ್ಟು ಸತು ಎಷ್ಟು ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ. ಒಂದೇ ಲೋಹದ ಪರಮಾಣು ಇರುವ ರೂಪಗಳಷ್ಟೇ ಇದ್ದಾಗ ಪಾಲುಗಳನ್ನು ತೀರ್ಮಾನಿಸುವುದು ಪಿಎಚ್ ಒಂದೇ. ಎರಡು ಮೂರು ಪರಮಾಣು ಕೂಡಿದ ರೂಪಗಳಿದ್ದರೆ ಈ ಅನುಕೂಲ ತಪ್ಪುತ್ತದೆ. ಅಲ್ಯೂಮಿನಿಯಂ ಮತ್ತು ಮೂರು ಆವೇಶದ ಕಬ್ಬಿಣಕ್ಕೆ, ಸಾಂದ್ರತೆ ಹೆಚ್ಚಿದ್ದಾಗ ಸೀಸಕ್ಕೂ, ಇದೇ ಕಾರಣಕ್ಕೆ ಬರಿಯ ಭಾಗಾಕಾರ ಸಾಲುವುದಿಲ್ಲ. ಲೀಟರಿಗೆ ಕೆಲವು ಹತ್ತು ಮಿಲಿಗ್ರಾಂ ಮಟ್ಟದ ಸತುವಿಗೆ ಆ ಚಿಂತೆ ಬೇಡ.

ಹಂತ 4: ಸ್ಪ್ರೆಡ್‌ಶೀಟಿಗೆ ಏರಿಸಿ, ತಾಳೆ ನೋಡಿ

ಮೊದಲ ಕಾಲಂನಲ್ಲಿ ಪಿಎಚ್ 6ರಿಂದ 14ರ ತನಕ 0.1ರ ಅಂತರದಲ್ಲಿ ತುಂಬಿ. ಮುಂದಿನ ನಾಲ್ಕು ಕಾಲಂ ಪದಗಳಿಗೆ. ಎರಡನೇ ಸಾಲಿನಲ್ಲಿ =10^(ಎ2-9.0), =10^(2*ಎ2-17.8), =10^(3*ಎ2-28.1), =10^(4*ಎ2-40.5) ಎಂದು ಬರೆದು ಕೆಳಗೆ ಎಳೆಯಿರಿ. ಇಲ್ಲಿ ಎ ಎಂದರೆ ಮೊದಲ ಕಾಲಂ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವನ್ನೇ ಹಾಕಿ. ಆರನೇ ಕಾಲಂನಲ್ಲಿ ಮೊತ್ತ. ಅದಕ್ಕೆ ರೂಪ 0ರ 1ನ್ನು ಕೂಡಿಸಲು ಮರೆಯಬೇಡಿ. ಅದನ್ನು ಬಿಟ್ಟರೆ ಪಿಎಚ್ 7ರಲ್ಲಿ ರೂಪ 1 ಶೇಕಡಾ 98ರಷ್ಟು ಇದೆ ಎಂಬ ವಿಚಿತ್ರ ಉತ್ತರ ಬರುತ್ತದೆ. ಕೊನೆಯ ಐದು ಕಾಲಂಗಳಲ್ಲಿ ಪಾಲುಗಳು.

ನಿಮಗೆ ಸಿಗಬೇಕಾದ ಉತ್ತರ, ಶೇಕಡಾದಲ್ಲಿ:

| ಪಿಎಚ್ | ರೂಪ 0 | ರೂಪ 1 | ರೂಪ 2 | ರೂಪ 3 | ರೂಪ 4 |
|---|---|---|---|---|---|
| 7 | 99.0 | 1.0 | 0.02 | – | – |
| 8 | 89.6 | 9.0 | 1.4 | 0.01 | – |
| 9 | 27.3 | 27.3 | 43.3 | 2.2 | – |
| 10 | 0.4 | 4.0 | 63.6 | 31.9 | 0.1 |
| 11 | – | 0.1 | 16.1 | 80.6 | 3.2 |
| 12 | – | – | 1.4 | 70.5 | 28.1 |
| 13 | – | – | 0.04 | 20.1 | 79.9 |

ಸಾಲಿನ ಮೊತ್ತ 100 ಬರುತ್ತದೆಯೇ ಎಂದು ನೋಡುವುದು ಸಾಮಾನ್ಯ ತಾಳೆ, ಆದರೆ ಅದು ಸ್ಥಿರಾಂಕದ ತಪ್ಪನ್ನು ಹಿಡಿಯುವುದಿಲ್ಲ. ಎಂಥ ತಪ್ಪು ಸಂಖ್ಯೆ ಹಾಕಿದರೂ ಪಾಲುಗಳ ಮೊತ್ತ 100 ಬಂದೇ ಬರುತ್ತದೆ. ತಪ್ಪನ್ನು ಹಿಡಿಯುವುದು ಗೆರೆಗಳು ಕತ್ತರಿಸುವ ಜಾಗ. ರೂಪ 2 ಮತ್ತು 3 ಸಮವಾಗುವುದು 28.1 − 17.8 = 10.3ರಲ್ಲಿ. ರೂಪ 3 ಮತ್ತು 4 ಸಮವಾಗುವುದು 40.5 − 28.1 = 12.4ರಲ್ಲಿ. ರೂಪ 0 ಮತ್ತು 2 ಸಮವಾಗುವುದು 17.8ರ ಅರ್ಧ, ಅಂದರೆ 8.9ರಲ್ಲಿ. ನಿಮ್ಮ ನಕ್ಷೆಯಲ್ಲಿ ಈ ಮೂರು ಜಾಗ ಸರಿಯಿದ್ದರೆ ಸೂತ್ರಗಳೂ ಸರಿ.

ರೂಪ 1ನ್ನು ಒಮ್ಮೆ ನೋಡಿ. ಅದು ಯಾವ ಪಿಎಚ್‌ನಲ್ಲೂ ಮುಂದೆ ಬರುವುದಿಲ್ಲ, 8.9ರ ಹತ್ತಿರ 28% ಮುಟ್ಟಿ ಇಳಿಯುತ್ತದೆ. ಮೊದಲ ಹೈಡ್ರಾಕ್ಸೈಡ್ ಅಂಟುವ ಮೆಟ್ಟಿಲು 9.0ರಲ್ಲಿದ್ದರೆ ಎರಡನೆಯದು 17.8 − 9.0 = 8.8ರಲ್ಲೇ ಇದೆ. ಮೊದಲನೆಯದು ಅಂಟುವ ಹೊತ್ತಿಗೆ ಎರಡನೆಯದೂ ಸಿದ್ಧವಾಗಿರುತ್ತದೆ. "ಪ್ರತಿ ರೂಪಕ್ಕೂ ತನ್ನದೇ ಪಿಎಚ್ ವಲಯವಿದೆ" ಎಂದು ಉತ್ತರ ಪತ್ರಿಕೆಯಲ್ಲಿ ಬರೆದು ಅಂಕ ಕಳೆದುಕೊಳ್ಳುವುದು ಇಲ್ಲಿಯೇ.

ಹಂತ 5: ಸ್ಲಡ್ಜನ್ನು ಲೆಕ್ಕಕ್ಕೆ ತನ್ನಿ

ಇಲ್ಲಿಯವರೆಗೆ ಕರಗಿದ್ದು ಹೇಗೆ ಹಂಚಿಹೋಗಿದೆ ಎಂದಷ್ಟೇ ತಿಳಿಯಿತು. ಎಷ್ಟು ಕರಗಿರಬಲ್ಲದು ಎಂಬುದು ಇನ್ನೊಂದು ಪ್ರಶ್ನೆ. ಅದಕ್ಕೆ ಗಟ್ಟಿ ಸತು ಹೈಡ್ರಾಕ್ಸೈಡಿನ ಸ್ಥಿರಾಂಕ ಬೇಕು. ಆಗತಾನೇ ಇಳಿದ, ಹರಳುಗಟ್ಟದ ಸ್ಲಡ್ಜಿಗೆ ಅದರ ಲಾಗ್ 12.5. ಹಾಗಾಗಿ ಸ್ಲಡ್ಜ್ ಇರುವ ನೀರಿನಲ್ಲಿ

ರೂಪ 0 (ಲೀಟರಿಗೆ ಮೋಲ್) = 10^(12.5 − 2 × ಪಿಎಚ್)

ಬಹಳಷ್ಟು ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಪಿಎಚ್ 11ಕ್ಕೆ ಈ ಸೂತ್ರ 10^−9.5 ಮೋಲ್ ಕೊಡುತ್ತದೆ, ಅಂದರೆ ಲೀಟರಿಗೆ 0.00002 ಮಿ.ಗ್ರಾಂ. ನೋಡಿದವರಿಗೆ ಪಿಎಚ್ ಏರಿಸಿದಷ್ಟೂ ಲಾಭವೆಂದೇ ತೋರುತ್ತದೆ. ಆದರೆ ಅದು ರೂಪ 0 ಮಾತ್ರ. ಪ್ರಯೋಗಾಲಯದ ಯಂತ್ರ ಅಳೆಯುವುದು ಐದೂ ರೂಪಗಳನ್ನು ಸೇರಿಸಿ. ಆದ್ದರಿಂದ ಇದನ್ನು ಹಂತ 3ರ ಮೊತ್ತದಿಂದ ಗುಣಿಸಲೇಬೇಕು:

ಒಟ್ಟು ಕರಗಿದ ಸತು = 10^(12.5 − 2 × ಪಿಎಚ್) × ಮೊತ್ತ

ಪಿಎಚ್ 11ರಲ್ಲಿ ಮೊತ್ತ 98,545. ಅಂದರೆ ಬರಿಯ ಸೂತ್ರದ ಉತ್ತರ ಸುಮಾರು ಲಕ್ಷ ಪಟ್ಟು ಕಡಿಮೆಯಿತ್ತು. ಮೋಲನ್ನು ಮಿಲಿಗ್ರಾಂ ಮಾಡಲು 65,400ರಿಂದ ಗುಣಿಸಿದರೆ ಚಿತ್ರ ಹೀಗೆ ಬರುತ್ತದೆ:

| ಪಿಎಚ್ | ಕರಗಿರಬಲ್ಲ ಸತು, ಮಿ.ಗ್ರಾಂ/ಲೀ |
|---|---|
| 8.0 | 23 |
| 8.5 | 3.1 |
| 9.0 | 0.76 |
| 9.5 | 0.47 |
| 10.0 | 0.52 |
| 11.0 | 2.0 |
| 11.5 | 6.2 |
| 12.0 | 23 |

ಪಿಎಚ್ 8ರಲ್ಲಿ ಎಷ್ಟೋ 12ರಲ್ಲೂ ಅಷ್ಟೇ! ಮೊದಲ ಪ್ರಶ್ನೆಗೆ ಉತ್ತರ ಇದೇ. ತಳಮಟ್ಟ ಸಿಗುವುದು 9.6ರ ಆಸುಪಾಸು, 0.46 ಮಿ.ಗ್ರಾಂ. ಅದಕ್ಕಿಂತ ಕೆಳಗೆ ಹೋಗದಂತೆ ತಡೆಯುತ್ತಿರುವುದು ರೂಪ 2. ಸ್ಲಡ್ಜ್ ಇರುವಾಗ ಅದರ ಸಾಂದ್ರತೆ 10^(12.5 − 17.8) = 10^−5.3 ಮೋಲ್, ಅಂದರೆ 0.33 ಮಿ.ಗ್ರಾಂ. ಈ ಸೂತ್ರದಲ್ಲಿ ಪಿಎಚ್ ಇಲ್ಲವೇ ಇಲ್ಲ. ಪಿಎಚ್ ಏರಿಸಲು ಕಾಸ್ಟಿಕ್ ಸೋಡ ಎಷ್ಟೇ ಸುರಿದರೂ ಆ 0.33 ಕಡಿಮೆಯಾಗುವುದಿಲ್ಲ, ಹೆಚ್ಚುವುದೂ ಇಲ್ಲ.

ಸ್ಲಡ್ಜ್ ಹಳೆಯದಾಗಿ ಸತು ಆಕ್ಸೈಡಾಗಿ ಹರಳುಗಟ್ಟಿದರೆ 12.5ರ ಜಾಗಕ್ಕೆ 11.3 ಬರುತ್ತದೆ, ಎಲ್ಲ ಸಂಖ್ಯೆಯೂ ಸುಮಾರು 16 ಪಟ್ಟು ಇಳಿಯುತ್ತದೆ. ಕಾಗದದ ಮೇಲೆ ಇದು ಆಕರ್ಷಕ. ಆದರೆ ಒಂದೆರಡು ಗಂಟೆಯಲ್ಲಿ ನೀರು ಹೊರಹೋಗುವ ತೊಟ್ಟಿಯಲ್ಲಿ ಆ ಹರಳು ನಿಮಗೆ ಸಿಗದು. ವಿನ್ಯಾಸಕ್ಕೆ 12.5ನ್ನೇ ಹಿಡಿಯಿರಿ.

ಈಗ ಕಾನೂನಿನ ಮಿತಿಯನ್ನು ಪಕ್ಕದಲ್ಲಿಡಿ. ಪರಿಸರ ಸಂರಕ್ಷಣಾ ನಿಯಮಗಳು, 1986ರ ಸಾಮಾನ್ಯ ಮಾನದಂಡದ ಪ್ರಕಾರ ಕೆರೆ, ಹಳ್ಳ, ನದಿಗೆ ಬಿಡುವ ನೀರಿನಲ್ಲಿ ಸತು ಲೀಟರಿಗೆ 5 ಮಿ.ಗ್ರಾಂ ಮೀರಬಾರದು, ಪಿಎಚ್ 5.5ರಿಂದ 9.0ರ ನಡುವೆ ಇರಬೇಕು. ನಿಮ್ಮ ಅನುಮತಿ ಪತ್ರದಲ್ಲಿ ಇದಕ್ಕಿಂತ ಬಿಗಿ ಸಂಖ್ಯೆಯಿದ್ದರೆ ಅದನ್ನೇ ಹಿಡಿಯಿರಿ. ಲೆಕ್ಕದಂತೆ 8.4 ದಾಟಿದರೆ 5ರ ಒಳಗೆ ಬರುತ್ತದೆ. ಆದರೆ ಆ ಭಾಗದಲ್ಲಿ ಗೆರೆ ಎಷ್ಟು ಕಡಿದಾಗಿದೆಯೆಂದರೆ ಮೀಟರ್ 0.1 ತಪ್ಪು ತೋರಿಸಿದರೂ ಸತು ಸುಮಾರು ಒಂದೂವರೆ ಪಟ್ಟು ಬದಲಾಗುತ್ತದೆ. 9.2ರಿಂದ 9.8ರ ನಡುವೆ ನಿಲ್ಲಿಸುವುದು ಕ್ಷೇಮ. ಅಲ್ಲಿ ಗೆರೆ ಸಪಾಟು, ಸ್ವಲ್ಪ ಆಚೀಚೆಯಾದರೂ ನಷ್ಟವಿಲ್ಲ. ಆಮೇಲೆ ಬಿಡುವ ನೀರನ್ನು ಆಮ್ಲ ಹಾಕಿ 9ರ ಕೆಳಗೆ ತರಬೇಕು. ಸ್ಲಡ್ಜನ್ನು ಬೇರೆ ಮಾಡಿದ ಮೇಲಷ್ಟೇ ಆಮ್ಲ ಹಾಕಿ. ಸ್ಲಡ್ಜ್ ತೇಲುತ್ತಿರುವಾಗಲೇ ಹಾಕಿದರೆ ಅದು ಕರಗಿ, ತೆಗೆದಿದ್ದ ಸತುವೆಲ್ಲ ವಾಪಸ್ ನೀರಿಗೆ ಸೇರುತ್ತದೆ.

ನಕ್ಷೆ ಹಾಕುವವರಿಗೆ ಇನ್ನೊಂದು ಸೂಚನೆ. ಒಟ್ಟು 10 ಮಿ.ಗ್ರಾಂ ಸತು ಇರುವ ನೀರಿನಲ್ಲಿ 8.2ರ ಹತ್ತಿರ ಸ್ಲಡ್ಜ್ ಶುರುವಾಗುತ್ತದೆ. ಅದರಾಚೆ ಹಂತ 4ರ ಶೇಕಡಾಗಳು ಕರಗಿ ಉಳಿದ ಭಾಗಕ್ಕೆ ಮಾತ್ರ ಸೇರಿದವು, ಒಟ್ಟು ಸತುವಿಗಲ್ಲ. ನಕ್ಷೆಯ ಕೆಳಗೆ ಇದನ್ನು ಬರೆಯಿರಿ.

ಹಂತ 6: ಉಪ್ಪಿನ ನೀರಿಗೆ ತಿದ್ದುಪಡಿ

ಪ್ಲೇಟಿಂಗ್ ತೊಳೆನೀರು ತಿಳಿಯಾದ ನೀರಲ್ಲ. ಉಪ್ಪಿನ ಅಯಾನುಗಳು ಸತು ಅಯಾನನ್ನು ಮುತ್ತಿಕೊಂಡು ಅದರ ಚುರುಕನ್ನು ತಗ್ಗಿಸುತ್ತವೆ. ಈ ಚುರುಕಿಗೆ ಕ್ರಿಯಾಶೀಲತೆ ಎಂದು ಹೆಸರು. ಸಾಂದ್ರತೆಯನ್ನು ಅದಕ್ಕೆ ಇಳಿಸುವ ಗುಣಕವನ್ನು ಡೇವಿಸ್ ಸಮೀಕರಣ ಕೊಡುತ್ತದೆ:

ಲಾಗ್ ಗುಣಕ = −0.51 × ಆವೇಶದ ವರ್ಗ × [√ಐ ÷ (1 + √ಐ) − 0.3 × ಐ]

ಇಲ್ಲಿ ಐ ಎಂದರೆ ಅಯಾನು ಬಲ. ಪ್ರತಿ ಅಯಾನಿನ ಸಾಂದ್ರತೆಯನ್ನು ಅದರ ಆವೇಶದ ವರ್ಗದಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಅರ್ಧ ಮಾಡಿದರೆ ಅದು ಸಿಗುತ್ತದೆ. ಲೀಟರಿಗೆ ಸುಮಾರು 6 ಗ್ರಾಂ ಅಡುಗೆ ಉಪ್ಪು ಕರಗಿಸಿದ ನೀರಿಗೆ ಐ 0.1. ಆಗ ಒಂದು ಆವೇಶದ ಅಯಾನಿಗೆ ಗುಣಕ 0.78, ಎರಡು ಆವೇಶದ್ದಕ್ಕೆ 0.37. ಐ 0.5 ದಾಟಿದರೆ ಈ ಸಮೀಕರಣವನ್ನು ನಂಬಬೇಡಿ.

ಪಿಎಚ್ ಮೀಟರ್ ಹೈಡ್ರೋಜನ್ ಅಯಾನಿನ ಕ್ರಿಯಾಶೀಲತೆಯನ್ನೇ ತೋರಿಸುವುದರಿಂದ ಅದಕ್ಕೆ ತಿದ್ದುಪಡಿ ಬೇಡ, ಲೋಹದ ರೂಪಗಳಿಗೆ ಮಾತ್ರ ಬೇಕು. ಹಾಗೆ ತಿದ್ದಿದರೆ ಐ 0.1ರಲ್ಲಿ ನಾಲ್ಕು ಸ್ಥಿರಾಂಕಗಳು −9.32, −18.23, −28.42, −40.5 ಆಗುತ್ತವೆ, ಸ್ಲಡ್ಜಿನದು 12.93. ರೂಪ 4ರದು ಬದಲಾಗಲಿಲ್ಲ. ಅದಕ್ಕೂ ರೂಪ 0ಕ್ಕೂ ಆವೇಶದ ಗಾತ್ರ ಒಂದೇ ಆದ್ದರಿಂದ ಗುಣಕಗಳು ಪರಸ್ಪರ ಹೊಡೆದುಹೋಗುತ್ತವೆ. ಪಿಎಚ್ 9ರಲ್ಲಿ ರೂಪ 0ರ ಪಾಲು 27ರಿಂದ 47%ಗೆ ಏರುತ್ತದೆ, ಕರಗಿರಬಲ್ಲ ಸತು 0.76ರಿಂದ 1.2 ಮಿ.ಗ್ರಾಂಗೆ.

ಪಟ್ಟಿಯ ಸ್ಥಿರಾಂಕಗಳ ತಲೆಬರಹದಲ್ಲಿ ಅಯಾನು ಬಲ 0.1 ಅಥವಾ 1.0 ಎಂದು ಈಗಾಗಲೇ ಬರೆದಿದ್ದರೆ ಮತ್ತೆ ತಿದ್ದಬೇಡಿ. ಎರಡು ಸಲ ತಿದ್ದುವುದು ತಿದ್ದದೇ ಇರುವುದಕ್ಕಿಂತ ಕೆಟ್ಟ ತಪ್ಪು.

ಹಂತ 7: ಸತುವಿಗೆ ಅಂಟುವ ಬೇರೆ ವಸ್ತುಗಳು

ಮೊತ್ತ ಎನ್ನುವುದು ಬಾಗಿಲು ತೆರೆದ ಮನೆಯಿದ್ದಂತೆ, ಸತುವಿಗೆ ಯಾವುದು ಅಂಟಿದರೂ ಅದರ ಪದವನ್ನು ಅಲ್ಲಿ ಸೇರಿಸಬಹುದು. ಅಮೋನಿಯಂ ಕ್ಲೋರೈಡ್ ಬಳಸುವ ಪ್ಲೇಟಿಂಗ್ ದ್ರಾವಣದ ತೊಳೆನೀರನ್ನು ನೋಡೋಣ. ಒಂದರಿಂದ ನಾಲ್ಕು ಅಮೋನಿಯಾ ಅಂಟಿದ ಸತುವಿನ ಸಂಚಿತ ಸ್ಥಿರಾಂಕಗಳ ಲಾಗ್ ಸುಮಾರು 2.2, 4.5, 6.9, 8.9.

ಲೀಟರಿಗೆ 5.35 ಗ್ರಾಂ ಅಮೋನಿಯಂ ಕ್ಲೋರೈಡ್ ಇದ್ದರೆ ಒಟ್ಟು ಅಮೋನಿಯಾ 0.1 ಮೋಲ್. ಅದೆಲ್ಲವೂ ಅಂಟಲು ಸಿದ್ಧವಿರುವುದಿಲ್ಲ, ಅಮೋನಿಯಂ ಅಯಾನಾಗಿ ಇರುವ ಭಾಗ ಸತುವಿಗೆ ಅಂಟದು. ಪಿಎಚ್ 9ರಲ್ಲಿ ಬಿಡಿ ಅಮೋನಿಯಾ = 0.1 ÷ (1 + 10^(9.25 − 9)) = 0.036 ಮೋಲ್ (9.25 ಎಂದರೆ ಅಮೋನಿಯಂ ಮತ್ತು ಬಿಡಿ ಅಮೋನಿಯಾ ಸಮವಾಗುವ ಪಿಎಚ್). ಈಗ ನಾಲ್ಕು ಪದಗಳು:

158 × 0.036 = 5.7
31,600 × 0.036^2 = 41
79.4 ಲಕ್ಷ × 0.036^3 = 371
79.4 ಕೋಟಿ × 0.036^4 = 1334

3.66 ಇದ್ದ ಮೊತ್ತ ಸುಮಾರು 1755 ಆಯಿತು. ಕರಗಿರುವ ಸತುವಿನಲ್ಲಿ ಅಮೋನಿಯಾ ಅಂಟದೇ ಉಳಿದದ್ದು ಬರೀ 0.2%. ಲೀಟರಿಗೆ 10 ಮಿ.ಗ್ರಾಂ ಸತು ಇರುವ ಇಂಥ ನೀರನ್ನು ಪಿಎಚ್ 9ಕ್ಕೆ ತಂದರೆ ಒಂದು ಕಣವೂ ತಳಕ್ಕೆ ಇಳಿಯುವುದಿಲ್ಲ. "ಸುಣ್ಣ ಹಾಕಿದರೂ ನೀರು ತಿಳಿಯಾಗಿಯೇ ಇದೆ" ಎಂಬ ದೂರಿನ ಹಿಂದೆ ಬಹುತೇಕ ಅಮೋನಿಯಾ ಅಥವಾ ಸಯನೈಡ್ ಇರುತ್ತದೆ. ಅಂಟುವ ವಸ್ತುವನ್ನು ತೆಗೆಯದೆ ಬರಿಯ ಪಿಎಚ್ ಜೊತೆ ಆಡಿ ಅದನ್ನು ಸರಿಪಡಿಸಲಾಗದು. ಸಯನೈಡ್ ಇದೆಯೆಂಬ ಸಂಶಯವಿದ್ದರೆ ಆ ನೀರಿಗೆ ಆಮ್ಲ ತಾಗಿಸಲೇಬೇಡಿ. ಹೊರಬರುವ ಹೈಡ್ರೋಜನ್ ಸಯನೈಡ್ ಅನಿಲ ಪ್ರಾಣ ತೆಗೆಯುತ್ತದೆ.

ಒಂದು ಎಚ್ಚರ: ಸತು ಹೆಚ್ಚಿದ್ದರೆ ಅದೇ ಅಮೋನಿಯಾವನ್ನು ಕಟ್ಟಿಹಾಕಿ ಬಿಡಿ ಅಮೋನಿಯಾ ಕಡಿಮೆಯಾಗುತ್ತದೆ. 10 ಮಿ.ಗ್ರಾಂ ಸತು ಕಟ್ಟಿಹಾಕುವುದು ಹೆಚ್ಚೆಂದರೆ 0.0006 ಮೋಲ್, ಅದನ್ನು ಬಿಟ್ಟುಬಿಡಬಹುದು. ನೂರಾರು ಮಿಲಿಗ್ರಾಂ ಇದ್ದರೆ ಬಿಡಿ ಅಮೋನಿಯಾವನ್ನು ಮತ್ತೆ ಲೆಕ್ಕ ಹಾಕಿ, ಉತ್ತರ ಕದಲದೆ ನಿಲ್ಲುವ ತನಕ ಸುತ್ತು ಹೊಡೆಯಬೇಕು. ಆಗ ತಂತ್ರಾಂಶವೇ ಲೇಸು. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯ ಫ್ರೀಕ್‌ಸಿ, ಹಾಗೂ ವಿಷುಯಲ್ ಮಿಂಟೆಕ್, ಎರಡೂ ಉಚಿತ. ಆದರೆ ಮೇಲಿನ ಸರಳ ಲೆಕ್ಕವನ್ನು ಮೊದಲು ಕೈಯಲ್ಲಿ ಮಾಡಿ, ಆಮೇಲೆ ತಂತ್ರಾಂಶದ ಉತ್ತರ ಅದಕ್ಕೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ತಂತ್ರಾಂಶದ ದತ್ತಾಂಶ ಕಡತದಲ್ಲಿ ಯಾವ ಸ್ಥಿರಾಂಕವಿದೆ ಎಂದು ತೆರೆದು ಓದಿ, ಅದು ಸಾದಾ ಪಠ್ಯ ಕಡತವೇ.

ಬೋರ್‌ವೆಲ್ ನೀರಿನಲ್ಲಿ ತೊಳೆಯುವವರು ಕಾರ್ಬೊನೇಟನ್ನೂ ಗಮನಿಸಿ. ಕ್ಷಾರೀಯತೆ ಲೀಟರಿಗೆ 300 ಮಿ.ಗ್ರಾಂ ಇರುವ ನೀರಿನಲ್ಲಿ ಪಿಎಚ್ 8ಕ್ಕೆ ಕಾರ್ಬೊನೇಟ್ ಅಂಟಿದ ಸತುವಿನ ಪದವೇ ಸುಮಾರು 1.6 ಆಗುತ್ತದೆ, ರೂಪ 0ಕ್ಕಿಂತ ಹೆಚ್ಚು. ಇದನ್ನು ಬಿಟ್ಟರೆ ಪಿಎಚ್ 8ರ ಪಾಲುಗಳು ಅರ್ಧಕ್ಕರ್ಧ ತಪ್ಪುತ್ತವೆ.

ಕಪ್ಪು ಮಣ್ಣಿನ ಹೊಲಕ್ಕೆ ಹಾಕಿದ ಸತುವಿನ ಸಲ್ಫೇಟ್ ಏನಾಗುತ್ತದೆ ಎಂದು ಇದೇ ಪಟ್ಟಿಯಿಂದ ಹೇಳಹೊರಡಬೇಡಿ. ಮಣ್ಣಿನಲ್ಲಿ ಜೇಡಿ, ಸುಣ್ಣದ ಕಣ, ಸಾವಯವ ಅಂಶಗಳು ಸತುವನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದು ಬೇರೆಯೇ ಲೆಕ್ಕ.

ಹಂತ 8: ಬೀಕರಿನಲ್ಲಿ ಪರೀಕ್ಷಿಸಿ

ಆರು ಬೀಕರುಗಳಿಗೆ ತಲಾ 500 ಮಿ.ಲೀ. ನೀರು ಹಾಕಿ, 8.0, 8.5, 9.0, 9.5, 10.0, 11.0ಕ್ಕೆ ಹೊಂದಿಸಿ. ಮೀಟರನ್ನು ಪಿಎಚ್ 7 ಮತ್ತು 10ರ ಬಫರಿನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣದಲ್ಲಿ) ಸರಿಹೊಂದಿಸಿಕೊಳ್ಳಿ. 4 ಮತ್ತು 7ರಲ್ಲಿ ಹೊಂದಿಸಿದ ಮೀಟರ್ 9.5ರಲ್ಲಿ ಹೇಳುವುದನ್ನು ನಂಬಲಾಗದು. 10ರ ಬಫರ್ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕೆಳಗಿಳಿಯುತ್ತದೆ, ಹಾಗಾಗಿ ಆ ದಿನದ ಬಫರನ್ನು ಆ ದಿನವೇ ಚೆಲ್ಲಿ.

ಶೇಕಡಾ 1ರ ಕಾಸ್ಟಿಕ್ ಸೋಡವನ್ನು ಹನಿಹನಿಯಾಗಿ ಬಿಡಿ. 10 ಮಿ.ಗ್ರಾಂ ಸತು ಇರುವ ನೀರು 8ರ ತನಕ ತಿಳಿಯಾಗಿದ್ದು, 8.2 ದಾಟಿದ ಮೇಲೆ ನೀರು ಬೆರೆಸಿದ ಹಾಲಿನಂತೆ ತೆಳುವಾಗಿ ಮಬ್ಬಾಗುತ್ತದೆ. ಆಗ ಮೀಟರಿನ ಮುಳ್ಳು ನಿಲ್ಲುವುದಿಲ್ಲ, 8.6 ತೋರಿಸಿದ್ದು ನಿಧಾನಕ್ಕೆ ಕೆಳಗಿಳಿಯುತ್ತದೆ. ಸ್ಲಡ್ಜ್ ಕಟ್ಟಿಕೊಳ್ಳುತ್ತ ಹೈಡ್ರಾಕ್ಸೈಡನ್ನು ನುಂಗುತ್ತಿದೆ ಎಂದರ್ಥ. ಮತ್ತೆ ಹನಿ ಹಾಕಿ, ಐದು ನಿಮಿಷ ಕದಲದೆ ನಿಂತ ಮೇಲಷ್ಟೇ ಆ ಪಿಎಚ್ ಬರೆದುಕೊಳ್ಳಿ. ಇಪ್ಪತ್ತು ನಿಮಿಷ ಮೆಲ್ಲಗೆ ಕದಡಿ, ಅರ್ಧ ಗಂಟೆ ಇಳಿಯಲು ಬಿಡಿ.

ಮೇಲಿನ ನೀರನ್ನು 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಆಮೇಲೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ರ ಕೆಳಗಿಳಿಸಿ ಸೀಸೆಗೆ ತುಂಬಿ. ಮೊದಲು ಆಮ್ಲ, ಆಮೇಲೆ ಸೋಸುವುದು ಎಂದು ಅದಲುಬದಲಾದರೆ ತೇಲುತ್ತಿದ್ದ ಸ್ಲಡ್ಜ್ ಕರಗಿ ಎಲ್ಲ ಬೀಕರಿನಲ್ಲೂ ಸತು ಹೆಚ್ಚಾಗಿ ಕಾಣುತ್ತದೆ.

ಬಂದ ಸಂಖ್ಯೆ ಲೆಕ್ಕದ ಎರಡು ಮೂರು ಪಟ್ಟಿನೊಳಗಿದ್ದರೆ ಲೆಕ್ಕ ಗೆದ್ದಂತೆ. ಸ್ಥಿರಾಂಕದ ಲಾಗ್ 0.1 ಕದಲಿದರೂ ಉತ್ತರ 26% ಬದಲಾಗುವ ಕೆಲಸವಿದು. ಎಲ್ಲ ಪಿಎಚ್‌ನಲ್ಲೂ ಹತ್ತಾರು ಪಟ್ಟು ಹೆಚ್ಚಿದ್ದರೆ ಹಂತ 7ಕ್ಕೆ ಹಿಂದಿರುಗಿ ಅಂಟುವ ವಸ್ತು ಹುಡುಕಿ. 9ರಿಂದ 10ರ ನಡುವೆ ಮಾತ್ರ ಹೆಚ್ಚಿದ್ದು, ಪಿಎಚ್ ಬದಲಿಸಿದರೂ ಅಲ್ಲಾಡದಿದ್ದರೆ ಬಹುಶಃ ಸಣ್ಣ ಕಣಗಳು ಫಿಲ್ಟರಿನಿಂದ ನುಸುಳುತ್ತಿವೆ; ಪಾಲಿಎಲೆಕ್ಟ್ರೋಲೈಟ್ ಹಾಕಿ ಕಣಗಳನ್ನು ದಪ್ಪವಾಗಿಸಿ ಮತ್ತೆ ನೋಡಿ.

ಬೇರೆ ಲೋಹಗಳೂ ಸೇರಿದ್ದರೆ

ಪ್ರತಿ ಲೋಹಕ್ಕೂ ತನ್ನದೇ ಕಾಲಂಗಳನ್ನು ಮಾಡಿ, ಕರಗುವಿಕೆಯ ಗೆರೆಗಳನ್ನು ಒಂದೇ ನಕ್ಷೆಯಲ್ಲಿ ಹಾಕಿ. ಮೂರು ಆವೇಶದ ಕ್ರೋಮಿಯಂನ ತಳಮಟ್ಟ 7.5ರಿಂದ 8.5ರ ನಡುವೆ, ನಿಕ್ಕಲ್‌ನದು 10ರ ಮೇಲೆ. ಒಂದೇ ತೊಟ್ಟಿಯಲ್ಲಿ ಒಂದೇ ಪಿಎಚ್‌ಗೆ ಮೂರನ್ನೂ ತಳಮಟ್ಟಕ್ಕೆ ಇಳಿಸಲಾಗದು. ಮಿತಿ ಬಿಗಿಯಿದ್ದರೆ ಎರಡು ತೊಟ್ಟಿ ಬೇಕು, ಮೊದಲನೆಯದರ ಸ್ಲಡ್ಜ್ ತೆಗೆದ ಮೇಲೆ ಎರಡನೆಯದರಲ್ಲಿ ಪಿಎಚ್ ಏರಿಸಬೇಕು. ಆರು ಆವೇಶದ ಕ್ರೋಮಿಯಂ ಮಾತ್ರ ಈ ಲೆಕ್ಕಕ್ಕೆ ಸೇರುವುದೇ ಇಲ್ಲ. ಅದು ಹೈಡ್ರಾಕ್ಸೈಡಾಗಿ ಇಳಿಯುವುದಿಲ್ಲ. ಪಿಎಚ್ 2ರಿಂದ 3ರಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಅದನ್ನು ಮೂರು ಆವೇಶಕ್ಕೆ ತಂದ ಮೇಲೆ ಕಾಲಂ ತುಂಬಲು ಕೂರಿ.